ನಾಟಕದವಳ ತವರು

ಮೊನ್ನೆ ನನ್ನ ಸೊಸೆ ಇಸ್ತ್ರಿ ಪೆಟ್ಟಿಗೆಯನ್ನು ಸೀರೆಯ ಮೇಲೇ ಮರೆತು ಒಳಗೆ ಹೋದಳು. ಬಟ್ಟೆ ಸೀದ ವಾಸನೆ ಮೂಗಿಗೆ ಬಡಿಯಿತು. ಸೀರೆ ಹೋದರೆ ಹೋಗಲಿ, ನನಗೆ ಟೈಲರ್ ಹೆಂಡತಿ ನೆನಪಾದಳು.

ಆಗ ನಾವು ತಿಪಟೂರಿನಲ್ಲಿ ಬಾಡಿಗೆಗಿದ್ದೆವು. ನಾನು ಕೊಬ್ಬರಿ ಮಂಡಿಗೆ ಕೂಲಿಗೆ ಹೋಗುತ್ತಿದ್ದೆ. ಪಕ್ಕದ ಮನೆ ಟೈಲರ್ ಸಾಬರದು. ನೆಂಟರು ಯಾರೋ ಸೌದಿಯಿಂದ ವಿಸಿಆರ್ ತಂದುಕೊಟ್ಟಿದ್ದರು. ಮಧ್ಯಾಹ್ನ ಟೈಲರ್ ಅಂಗಡಿಯಲ್ಲಿರುವಾಗ ಅವನ ಹೆಂಡತಿ, ಅವಳ ಅತ್ತೆ ಇಬ್ಬರೂ ಪಾಕಿಸ್ತಾನದ ಉರ್ದು ನಾಟಕದ ಕ್ಯಾಸೆಟ್ ಹಾಕುತ್ತಿದ್ದರು. ಕೆಲಸವಿಲ್ಲದ ದಿನ ನಾನೂ ಹೋಗಿ ಕೂರುತ್ತಿದ್ದೆ. ಗಂಡನ ಕೈಲಿ ಹೊಡೆಸಿಕೊಳ್ಳುವ ಹೆಂಗಸಿನ ಕತೆ. ಹೊಡೆತ ಅರ್ಥವಾಗಲು ಭಾಷೆ ಬೇಕಿರಲಿಲ್ಲ. ನನ್ನ ಗಂಡನೂ ಎರಡೇಟು ಹಾಕುವವನೇ. ಮಾತು ಮಾತ್ರ ತಿಳಿಯುತ್ತಿರಲಿಲ್ಲ. ನನಗೆ ಉರ್ದು ಬಾರದು, ಅತ್ತೆಗೆ ಕನ್ನಡ ಬಾರದು. ಟೈಲರ್ ಹೆಂಡತಿ ನನ್ನ ಪಕ್ಕ ಕೂತು ಕನ್ನಡದಲ್ಲಿ ಹೇಳುತ್ತಿದ್ದಳು.

ಒಂದು ದಿನ ನಾಟಕದವಳು ಒಂದೇ ಮಾತಾಡಿ ಅಳತೊಡಗಿದಳು. ಇವಳು ಹೇಳಿದ್ದು ಉದ್ದವಾಯಿತು.

“ಷರಟಿಗೆ ಗುಂಡಿ ಹಾಕಾದು ತಡ ಆಯ್ತು ಅಂತ ಇಸ್ತ್ರಿ ಪೆಟ್ಗೆ ತಂದು ತೋಳಿಗಿಟ್ಟ ಅಂತಾವ್ಳೆ, ಅಕ್ಕಾ.”

ಟೀವಿಯಲ್ಲಿ ಇಸ್ತ್ರಿ ಪೆಟ್ಟಿಗೆಯೇ ಇರಲಿಲ್ಲ... ಇವಳು ಎಡತೋಳನ್ನು ಸೆರಗಿನಿಂದ ಹೊರಗೆ ತೆಗೆದಿರಲಿಲ್ಲ.

“ಅವ್ಳಿಗೆ ತವರಿಲ್ವೇನೇ?” ಎಂದೆ.

“ಅಮ್ಮ ಅವ್ಳೆ, ಮಾಯಸಂದ್ರದಲ್ಲಿ. ಬಸ್‌ಸ್ಟ್ಯಾಂಡ್ ಹಿಂದ್ಗಡೆ.”

ಪಾಕಿಸ್ತಾನದ ನಾಟಕಕ್ಕೆ ಮಾಯಸಂದ್ರ ಎಲ್ಲಿಂದ ಬರಬೇಕು? ಕನ್ನಡ ಬಾರದಿದ್ದರೂ ಬೀಗರ ಊರಿನ ಹೆಸರು ಅತ್ತೆಯ ಕಿವಿಗೆ ಬಿತ್ತು. ಸಟ್ಟನೆ ತಿರುಗಿದಳು. “ಕ್ಯಾ ಮಾಯಸಂದ್ರ?”

ನಾನೇ ಬಾಯಿ ತೋರಿಸಿ, ಮಾಯಸಂದ್ರದ ವೀಳ್ಯದೆಲೆ ಅಂತ ಏನೋ ಒದರಿ ಎದ್ದು ಬಂದೆ.

ಮರುದಿನ ಮಂಡಿ ಕೆಲಸ ಬಿಟ್ಟು ಮಾಯಸಂದ್ರದ ಬಸ್ಸು ಹತ್ತಿದೆ. ಆ ತಾಯಿ ನನ್ನ ಮಾತು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿದಳು. ಬಂದು ಮಗಳನ್ನು ಕರೆದುಕೊಂಡು ಹೋದಳು.

ಟೈಲರ್ ನನ್ನ ಬಾಗಿಲಿಗೆ ಬಂದು ಕೂಗಾಡಿದ. “ನಮ್ಮನೆ ವಿಷ್ಯ ನಿಂಗ್ಯಾಕಮ್ಮಾ ಬೇಕಿತ್ತು?”

“ನಾಟ್ಕದ ವಿಷ್ಯ ಹೇಳಾಕೋಗಿದ್ದೆ ಕಣಪ್ಪ. ನಿಂಗ್ಯಾಕೆ ಉರಿ?”

ಸ್ವಲ್ಪ ದಿನಕ್ಕೆ ಅವರ ಹಿರಿಯರು ಕೂತು ರಾಜಿ ಮಾಡಿ ಅವಳನ್ನು ವಾಪಸು ಕಳಿಸಿದರು. ಆಮೇಲೆ ನನ್ನನ್ನು ಯಾರೂ ಟೀವಿಗೆ ಕರೆಯಲಿಲ್ಲ. ಒಮ್ಮೆ ಬೀದಿ ನಲ್ಲಿಯ ಹತ್ತಿರ ಸಿಕ್ಕಳು. ಗಂಡ ಬಾಗಿಲಲ್ಲೇ ನಿಂತಿದ್ದ.

“ನಾಟ್ಕದವ್ಳು ಹೆಂಗವ್ಳೆ ಕಣೇ?”

“ಅದು ಮುಗೀತು, ಅಕ್ಕಾ. ಕೊನೇಲಿ ಗಂಡ ಒಳ್ಳೇವ್ನಾದ.”

ನನ್ನ ಮುಖ ನೋಡದೆ ಕೊಡ ಎತ್ತಿಕೊಂಡು ಹೋದಳು.

ಆಮೇಲೆ ಅವರು ಊರೇ ಬಿಟ್ಟರು. ಮಾಯಸಂದ್ರದ ತಾಯಿಯೂ ಸತ್ತಳಂತೆ... ಮಗಳು ಇದ್ದಾಳೋ ಇಲ್ಲವೋ ಎಂದು ಕೇಳಲು ಈಗ ನನಗೆ ಒಂದು ಬಾಗಿಲೂ ಇಲ್ಲ. ಗಂಡ ಒಳ್ಳೆಯವನಾಗಿ ನಾಟಕ ಮುಗಿದಿರಬಹುದು. ಮನೆಯಲ್ಲಿ ಹಾಗೆ ಮುಗಿದದ್ದನ್ನು ನಾನು ಕಂಡಿಲ್ಲ.