ಪೂಕ್ಕಾರಮ್ಮನ ನಾಲ್ಕನೇ ಮಹಡಿ

ಬೆಳಿಗ್ಗೆ ದೋಸೆಗೆ ನೆನೆಹಾಕಿದೆ. ಗ್ಯಾಸಿನವನಿಗೆ ಕಾದೆ. ನಮ್ಮವರ ಬಿಪಿ ಮಾತ್ರೆ ತರಲು ಹೋದವಳು ಸ್ಟೇಷನ್ ರಸ್ತೆಯಲ್ಲಿ ಹೂವಿಗೆ ದವನ ಬೆರೆಸಿ ಕಟ್ಟಿದ ಒಂದು ಮೊಳ ಕದಂಬ ಮಾಲೆಯನ್ನೂ ಕೊಂಡೆ. ಚೀಲದಿಂದ ದವನದ ವಾಸನೆ ಬಂದದ್ದೇ ಪೂಕ್ಕಾರಮ್ಮ ನೆನಪಾದಳು.

ತಮಿಳಿನಲ್ಲಿ ಹಾಗೆಂದರೆ ಹೂವು ಮಾರುವವಳು. ವೆಸ್ಟ್ ಮಾಂಬಲಂನ ನಮ್ಮ ಗಲ್ಲಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದುದು. ಸಂಜೆ ಗೇಟಿನ ಹತ್ತಿರ ಕೂತು ಮೊಳ ಹಾಕಿ, ಮೇಲೊಂದು ಗೇಣು ಕೊಸರು ಬಿಡುತ್ತಿದ್ದಳು. ಕನ್ನಡ ಬೆರೆತ ನನ್ನ ತಮಿಳು ಕೇಳಿ, "ಸಾಕು ಮಾಮಿ, ಮಲ್ಲಿಗೆ ಬಾಡಿಹೋಗತ್ತೆ" ಅಂತ ನಗುತ್ತಿದ್ದಳು.

ಹೊಳೆ ದಂಡೆಯ ಗುಡಿಸಲಲ್ಲಿ ವಾಸ. ಮಗ ಕಾಸಿಮೇಡು ಬಂದರಿನಲ್ಲಿ ನಸುಕಿನ ಮೀನು ಹರಾಜಿಗೆ ಐಸ್ ಹೊರುತ್ತಿದ್ದ. ಮುಂಗೋಪಿ. ಯಾರ ಮೇಲಾದರೂ ಕೈಯೆತ್ತಿದರೆ ಇವಳು ಒಳಗಿನಿಂದಲೇ ಒಂದು ಸಲ ಕೂಗುವಳು. ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಬಂದು ಅವನ ತಲೆ ಮೇಲೆ ಕೊಡ ನೀರು ಸುರಿದಿರುತ್ತಿದ್ದರು.

"ಇಷ್ಟು ದೊಡ್ಡೋನಾದ, ಇನ್ನೂ ಕೇರಿಯವರೆಲ್ಲ ಸೇರಿ ಸ್ನಾನ ಮಾಡಿಸ್ತಾರೆ ಮಾಮಿ!"

ಆಮೇಲೆ ಸರ್ಕಾರದವರು ದಂಡೆಯ ಗುಡಿಸಲುಗಳನ್ನೆಲ್ಲ ತೆಗೆಸಿದರು. ಊರಾಚೆ ನಾಲ್ಕನೇ ಮಹಡಿಯಲ್ಲಿ ಪಕ್ಕಾ ಮನೆ ಸಿಕ್ಕಿತು. ಚೀಟಿ ಎತ್ತಿ ಹಂಚಿದ್ದರಿಂದ ಹಳೆಯ ನೆರೆಯವರು ಚೆದುರಿಹೋದರು. ನಾನು ಸಂತೋಷಪಟ್ಟು ಹೊಸ ಮನೆಗೆ ಅಂತ ಒಂದು ಸ್ಟೀಲ್ ಕೊಡ ಕೊಟ್ಟೆ. ಅಲ್ಲಿಂದ ಮೊದಲ ಬಸ್ ಹಿಡಿದರೂ ಹರಾಜು ಮುಗಿದಿರುತ್ತಿತ್ತು. ಮಗನ ಕೆಲಸ ಹೋಯಿತು. ಹಗಲೆಲ್ಲ ಕೆಳಗೆ, ಕೆಲಸವಿಲ್ಲದ ಇನ್ನಷ್ಟು ಜನರ ಜೊತೆ... ಕುಡಿತವೂ ಶುರುವಾಯಿತು.

ಒಂದು ದಿನ ನೀರಿನ ಲಾರಿಯ ಮುಂದೆ, ಸಾಲಿನ ವಿಷಯಕ್ಕೆ ಜಗಳವಾಗಿ ಅವನು ಚಾಕು ತೆಗೆದ. ಇರಿತ ತಿಂದವನು ಉಳಿಯಲಿಲ್ಲ. ಇವನು ಜೈಲಿಗೆ ಹೋದ.

ಸುಮಾರು ದಿನಗಳ ಮೇಲೆ ಅವಳು ಬಂದಳು, ಬುಟ್ಟಿಯಿಲ್ಲದೆ. ಕೊಟ್ಟ ಕಾಫಿ ಆರುತ್ತಾ ಕೂತಿತ್ತು.

"ಮೇಲಿಂದ ಕೂಗಿದೆ ಮಾಮಿ. ತಲೆ ಎತ್ತಿ ನೋಡಿದ ಕೂಡ. ಒಂದು ಬಾಗಿಲೂ ತೆರೀಲಿಲ್ಲ. ಈ ಮೊಣಕಾಲು ಇಟ್ಕೊಂಡು ನಾನು ಇಳಿಯೋ ಹೊತ್ತಿಗೆ..."

ಕಾಫಿ ಲೋಟ ಪಕ್ಕಕ್ಕೆ ಸರಿಸಿ ಅಂದಳು: "ಸತ್ತವನ ತಾಯಿ ಎರಡನೇ ಮಹಡಿ. ಹತ್ತೋವಾಗ, ಇಳಿಯೋವಾಗ, ಆ ಬಾಗಿಲು ದಾಟಬೇಕು."

ಮತ್ತೆ ಬರಲಿಲ್ಲ. ಆ ಕಡೆಯ ಕೊಲೆ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ನಮ್ಮವರು "ಆ ಜನವೇ ಹಾಗೆ" ಅನ್ನುತ್ತಾರೆ. ಆ ಜನವೇ ಹೊಳೆ ದಂಡೆಯಲ್ಲಿ ಒಂದು ಕೊಡ ನೀರಿನಲ್ಲಿ ಜಗಳ ಮುಗಿಸುತ್ತಿದ್ದರು, ಅಂತ ನಾನು ಹೇಳುತ್ತೇನೆ.

ಇವತ್ತಿನ ಹೂವಿಗೆ ಕೊಸರು ಸಿಗಲಿಲ್ಲ. ರಾತ್ರಿಗೆ ಚಪಾತಿ, ಹೀರೇಕಾಯಿ ಪಲ್ಯ, ಮೊಸರನ್ನ. ನಮ್ಮವರು ಮೊದಲು ಮಲಗಿದರು. ಎದುರು ಮನೆಯಾಕೆ ಮಹಡಿಯಿಂದ ಮಗನನ್ನು ಕೂಗುತ್ತಿದ್ದಳು. ಕೆಳಗಿನಿಂದ "ಬಂದೆಮ್ಮಾ" ಅಂತ ಕೇಳಿಸುವವರೆಗೆ ನನಗೆ ನಿದ್ದೆ ಹತ್ತಲಿಲ್ಲ.