ಗುರುವಾರ ಬಾಗಿಗೆ ಹೋಗುತ್ತಿದ್ದ ಅಕ್ಕ

ಮೊನ್ನೆ ಪುಣೆಯ ಕೊಂಢ್ವಾ ಬಡಾವಣೆಯ ನಮ್ಮ ಕಟ್ಟಡದ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಆ ಹಸಿ ವಾಸನೆ ಮೇಲೆ ಅಡುಗೆಮನೆಯವರೆಗೂ ಬಂತು. ಹಾಲು ಉಕ್ಕೀತೆಂದು ಕಾಯುತ್ತ ನಿಂತಿದ್ದವಳಿಗೆ ಹಿಂದೆ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು... ಎಪ್ಪತ್ತರ ದಶಕದ ಕೊನೆ ಇರಬೇಕು.

ಆಗ ನಾವು ಪುಣೆಯ ಹಳೆಯ ಪೇಟೆಯಲ್ಲಿ, ಹತ್ತಾರು ಸಂಸಾರಗಳಿದ್ದ ಒಂದು ವಾಡೆಯಲ್ಲಿ ಬಾಡಿಗೆಗಿದ್ದೆವು. ನನಗೆ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಗೋಡೆಯಾಚೆ ಗುಲಬರ್ಗಾ ಕಡೆಯ ಒಬ್ಬ ಗಾರೆ ಮೇಸ್ತ್ರಿ, ಅವನ ಹೆಂಡತಿ, ಮಕ್ಕಳು, ಮತ್ತೆ ಈ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವಳು. ನೀರು, ಬಟ್ಟೆ, ರೊಟ್ಟಿ ಎಲ್ಲ ಅವಳ ಪಾಲಿಗೆ. ನಳದವರೆಗೆ, ಹಿಟ್ಟಿನ ಗಿರಣಿಯವರೆಗೆ... ಅವಳು ಕಂಡ ಪುಣೆ ಅಷ್ಟೇ.

ನನ್ನ ಯಜಮಾನರ ಕಾರ್ಖಾನೆಯಲ್ಲಿ, ಹೆಂಡತಿ ತೀರಿಕೊಂಡಿದ್ದ ಒಬ್ಬರಿದ್ದರು. ನಮ್ಮಲ್ಲಿಗೆ ಬಂದಾಗ ಅಕ್ಕನನ್ನು ನೋಡಿದ್ದರು. ಮದುವೆಗೆ ಒಪ್ಪುತ್ತಾಳೇನೋ ಕೇಳಿ ನೋಡಿ ಎಂದರು. ಕೇಳಿದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು.

"ಮಾತಾಡಿ ನೋಡಬೇಕಲ್ಲ ತಂಗಿ. ಎಲ್ಲಿ ಮಾತಾಡೂದು?"

ವಾಡೆಯಲ್ಲಿ ಕೆಮ್ಮಿದರೂ ನಾಲ್ಕು ಮನೆಗೆ ಕೇಳುತ್ತಿತ್ತು. ಹೋಟೆಲೆಂದರೆ ಕಂಡವರ ಕಣ್ಣು. ಕೊನೆಗೆ ಯಜಮಾನರು ಸಾರಸಬಾಗ್ ಉದ್ಯಾನ ಎಂದರು. ಟಿಕೀಟಿಲ್ಲ, ಯಾಕೆ ಬಂದಿರೆಂದು ಕೇಳುವವರಿಲ್ಲ. ಗಣಪತಿ ಗುಡಿ ಇದ್ದುದರಿಂದ ಮನೆಯಲ್ಲಿ ಹೇಳಲು ನೆಪವೂ ಆಯಿತು. ಕಾರ್ಖಾನೆಗೆ ಗುರುವಾರ ರಜೆ. ಬಾಗಿನಲ್ಲೂ ಅವತ್ತು ಗದ್ದಲ ಕಡಿಮೆ.

ಮೊದಲ ಗುರುವಾರ ತಮ್ಮನ ಮಗುವಿಗೆ ಜ್ವರ ಬಂತು. ಮುಂದಿನ ವಾರ ಊರಿಂದ ನೆಂಟರು ಬಂದರು. ಅದರ ಮುಂದಿನ ವಾರ ಅಕ್ಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ನಮ್ಮ ಬಾಗಿಲಲ್ಲಿ ನಿಂತಳು. "ಇವತ್ತ ಆಕಾಶ ಕಳಚಿ ಬಿದ್ದರೂ ಹೋಗೂದ."

ಆ ಕಾರ್ಖಾನೆಯವರು ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಅಕ್ಕನನ್ನು ಅಲ್ಲಿ ಬಿಟ್ಟು ನಾನು, ಯಜಮಾನರು ಗುಡಿಗೆ ಹೋದೆವು. ತಿರುಗಿ ಬರುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. ನಮಗೆ ಕೈಮುಗಿದು ಹೊರಟುಹೋದರು.

"ಒಳ್ಳೇ ಮನಶ್ಯಾ," ಎಂದಳು ಅಕ್ಕ. "ಸುಳ್ಳು ಹೇಳಲಿಲ್ಲ. ಅವರವ್ವ ಹಾಸಿಗಿ ಹಿಡಿದಾಳಂತ, ನೋಡಿಕೊಳ್ಳಾಕ ಒಬ್ಬರು ಬೇಕಂತ. ಒಂದು ಮನಿ ದುಡಿತ ಬಿಟ್ಟು ಇನ್ನೊಂದು ಮನಿ ದುಡಿತಕ್ಕ ಯಾಕ ಹೋಗಲಿ? ಬ್ಯಾಡ ಅಂದೆ."

ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವಳಿಗೆ ಅದು ಬೇಕಿರಲಿಲ್ಲ. ಚಪ್ಪಲಿ ಕಳಚಿ, ಆಗಷ್ಟೇ ಕತ್ತರಿಸಿದ್ದ ಹುಲ್ಲಿನ ಮೇಲೆ ಕಾಲು ಚಾಚಿದಳು.

"ಇಲ್ಲಿ ಯಾರೂ ಎಬ್ಬಸೂದಿಲ್ಲೇನ?"

ಇಲ್ಲವೆಂದೆ. ಬಿಸಿಲು ಇಳಿಯುವವರೆಗೂ ಹಾಗೇ ಕೂತಿದ್ದಳು...

ಯಾರೋ ನೋಡಿ ತಮ್ಮನಿಗೆ ಹೇಳಿದರು. ಅವತ್ತು ಸಂಜೆ ಗೋಡೆಯಾಚೆಯಿಂದ ಅವನ ಕೂಗಾಟ ಕೇಳಿತು, ಬಾಗಿಗೆ ಯಾಕ ಹೋಗಿದ್ದಿ ಎಂದು. ಅಕ್ಕನ ದನಿ ಏರಲಿಲ್ಲ.

"ಕೂಡಾಕ ಹೋಗಿದ್ದೆ. ಮುಂದಿನ ವಾರನೂ ಹೋಗ್ತೀನಿ. ರೊಟ್ಟಿ ಬಡದಿಟ್ಟೇ ಹೋಗ್ತೀನಿ."

ಹೋದಳು. ತಮ್ಮ ಕೆಲವು ದಿನ ಮಾತು ಬಿಟ್ಟ, ಆಮೇಲೆ ತಡೆಯುವುದನ್ನೂ ಬಿಟ್ಟ. ಮಳೆ ಇಲ್ಲದ ಗುರುವಾರಗಳಲ್ಲಿ ಅಕ್ಕ ಮಧ್ಯಾಹ್ನ ಒಬ್ಬಳೇ ನಡೆದು ಹೋಗಿ ಸಂಜೆಗೆ ಬರುತ್ತಿದ್ದಳು. ಒಮ್ಮೊಮ್ಮೆ ನಾನೂ ಜೊತೆಗಿರುತ್ತಿದ್ದೆ. ಹೆಚ್ಚು ಮಾತಿರುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ವಾಡೆ ಕೆಡವಿದರು. ಅಕ್ಕನ ಮನೆಯವರು ಪುಣೆಯಾಚೆ ಚಾಕಣ ಕಡೆ ಹೋದರು, ನಾವು ಇತ್ತ ಕೊಂಢ್ವಾಕ್ಕೆ ಬಂದೆವು. ಬಹಳ ವರ್ಷಗಳ ಮೇಲೆ ಒಂದು ಮದುವೆಯಲ್ಲಿ ತಮ್ಮನ ಮಗ ಸಿಕ್ಕಿದ.

"ಅತ್ತಿ ತೀರಿಹೋಗಿ ಭಾಳ ದಿನ ಆತ್ರಿ," ಎಂದ. "ನಮ್ಮ ಕಡೆ ಬಾಗ್ ಇರಲಿಲ್ಲ. ಗುರುವಾರ ಬಂತಂದ್ರ ಬಾಗಲ ಹೊರಗ ಕಲ್ಲಿನ ಮ್ಯಾಲ ಕೂಡತಿದ್ಲು. ಕೆಲಸ ಹೇಳಿದ್ರ ನಾಳಿಗೆ ಅಂತಿದ್ಲು."

ಯಾಕೆ ಗುರುವಾರವೇ ಎಂಬುದು ಅವನಿಗೆ ತಿಳಿದಿರಲಿಲ್ಲ. ನಾನು ಹೇಳಲಿಲ್ಲ. ಈಗ ಯಜಮಾನರೂ ಇಲ್ಲ. ಅಕ್ಕ ಬೇಡವೆಂದು ಹೇಳಿ ಕಾಲು ಚಾಚಿ ಕೂತ ಆ ಮಧ್ಯಾಹ್ನವನ್ನು ಕಂಡವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ.