ನಿಂತಲ್ಲೇ ಸಾವಿರ ಕಿಲೋಮೀಟರ್ ಓಡಿದ ಕಾರು

ಬೆಳಿಗ್ಗೆ ಆರೂವರೆ. ಭದ್ರಾವತಿಯ ಬಿ.ಎಚ್. ರಸ್ತೆ ಬದಿಯ ತಗಡಿನ ಶೆಡ್ಡಿನ ಬೀಗ ತೆಗೆಯುತ್ತಿದ್ದಾರೆ ಧನಲಕ್ಷ್ಮಿ. ಒಳಗಿರುವುದು ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿ ಶಿವಶಂಕರಪ್ಪನವರ ಬಿಳಿ ಕಾರು. ನಿನ್ನೆ ಸಂಜೆ ಅದನ್ನು ತಂದು ನಿಲ್ಲಿಸಿದವರೂ ಅವರೇ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದವರೂ ಅವರೇ. ಆಗ ಮೀಟರಿನಲ್ಲಿದ್ದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದಾರೆ: 61,204. ಈಗ ಮೊದಲ ಬಸ್ಸಿಗೇ ವಾಪಸು ಬಂದು ಶೆಡ್ಡಿನ ಮುಂದೆ ನಿಂತಿದ್ದಾರೆ.

"ನೀವೇ ಕೀ ಹಾಕಿ ಸಾವ್ಕಾರ್ರೇ. ನಾನು ಮುಟ್ಟಲ್ಲ," ಎನ್ನುತ್ತಾರೆ ಧನಲಕ್ಷ್ಮಿ.

ಕೀಲಿ ತಿರುಗುತ್ತದೆ, ಹಸಿರು ಅಂಕಿಗಳು ಬೆಳಗುತ್ತವೆ: 62,484.

ಸಾಹುಕಾರರು ಜೇಬಿನಿಂದ ಚೀಟಿ ತೆಗೆಯುತ್ತಾರೆ. ಚೀಟಿ ನೋಡುತ್ತಾರೆ, ಮೀಟರ್ ನೋಡುತ್ತಾರೆ. "ಕೀ ನನ್ನ ಜೇಬಲ್ಲೇ ಇತ್ತಲ್ಲಮ್ಮ! ಬೀಗ ಹಾಕಿದ ಶೆಡ್ಡಲ್ಲಿ ಸಾವಿರದ ಇನ್ನೂರ ಎಂಬತ್ತು ಕಿಲೋಮೀಟರ್! ದೆವ್ವ ಓಡಿಸ್ತಾ?"

ಬಾಗಿಲಲ್ಲಿ ನಿಂತಿರುವುದು ಓಬಯ್ಯ. ಹನ್ನೊಂದು ವರ್ಷ ಸಾಹುಕಾರರ ಡ್ರೈವರ್ ಆಗಿದ್ದವರು, ಒಂಬತ್ತು ದಿನದ ಹಿಂದೆ ಇಂಥದೇ ಅಂಕಿಯಿಂದ ಕೆಲಸ ಕಳೆದುಕೊಂಡರು. 'ಕದ್ದು ಬಾಡಿಗೆ ಹೊಡೀತಾನೆ, ಕಳ್ಳ' ಎಂದು ತುಂಬಿದ ಅಂಗಡಿಯಲ್ಲಿ ಅನ್ನಿಸಿಕೊಂಡ ಮೇಲೆ ಊರಲ್ಲಿ ಯಾರೂ ಅವರ ಕೈಗೆ ಗಾಡಿ ಕೊಟ್ಟಿಲ್ಲ. ಓಬಯ್ಯ ಕೊನೆಗೆ ಕೇಳಿಕೊಂಡದ್ದು ಇಷ್ಟೇ: ಒಂದೇ ಒಂದು ಸಲ ಭದ್ರಾವತಿ ಅಕ್ಕನ ಹತ್ತಿರ ತೋರಿಸಿ.

ಆ ಅಕ್ಕನಿಗೆ ಈಗ ಮೂವತ್ತೆಂಟು. ಕಾರ್ಖಾನೆ ಕಾರ್ಮಿಕ ಪುಟ್ಟಯ್ಯನವರ ಮಗಳು, ಓದಿದ್ದು ಎಸ್ಸೆಸ್ಸೆಲ್ಸಿ, ಬೆಸುಗೆ ಹಾಕಲು ಕಲಿತದ್ದು ಟಿ.ವಿ. ರಿಪೇರಿ ಅಂಗಡಿಯಲ್ಲಿ. ಗಂಡ ಭೀಮೇಶ್ ಶೆಡ್ಡಿನ ಮುಂಭಾಗದಲ್ಲಿ ಹಾರ್ನು, ಸೆಲ್ಫ್ ಮೋಟರು ನೋಡಿಕೊಳ್ಳುತ್ತಾರೆ. ತೊಂಬತ್ತೆಂಟರ ಸುಮಾರಿಗೆ ಕಂಪ್ಯೂಟರ್ ಇರುವ ಕಾರುಗಳು ಬರತೊಡಗಿದಾಗ ಅವನ್ನು ಹಾಗೆಯೇ ವಾಪಸು ಕಳಿಸಬೇಕಾಗುತ್ತಿತ್ತು.

"ಒಳಗೊಂದು ಡಬ್ಬಿ ಇದೆ, ಮುಟ್ಟಬೇಡ ಕಣೇ ಅಂತಿದ್ರು ಇವ್ರು. ಮುಟ್ಟಬೇಡ ಅಂದ್ರೆ ನನ್ನ ಕೈ ಸುಮ್ನಿರುತ್ತಾ?" ಎಂದು ನಗುತ್ತಾರೆ. ಗುಜರಿಯಿಂದ ಹಳೇ ಡಬ್ಬಿಗಳನ್ನು ತಂದು ಬಿಚ್ಚಿದರು. ಮೊದಲ ನಾಲ್ಕನ್ನು ಸುಟ್ಟರು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಪುಸ್ತಕ ಓದಿದರು. ಆರು ವರ್ಷವಾಯಿತು, ಈಗ ತರೀಕೆರೆ, ಚನ್ನಗಿರಿಯಿಂದಲೂ ಡಬ್ಬಿಗಳು ಬರುತ್ತವೆ. ತಿಂಗಳಿಗೆ ಹದಿನೈದು ಬಂದರೆ ಹನ್ನೆರಡು ಬದುಕುತ್ತವೆ. "ಮೂರು ಸಾಯ್ತವೆ. ಸತ್ತಿದ್ದನ್ನ ಸತ್ತಿದೆ ಅಂತಲೇ ಹೇಳ್ತೀನಿ."

ಇಷ್ಟಾದರೂ ಹೊಸಬರು ಇಣುಕಿ, "ಯಜಮಾನ್ರು ಇಲ್ವೇನಮ್ಮಾ?" ಎನ್ನುವುದು ತಪ್ಪಿಲ್ಲ. ಉತ್ತರ ಸಿದ್ಧವಿರುತ್ತದೆ: "ಇದ್ದಾರಲ್ಲ. ಹಾರ್ನ್ ಆದ್ರೆ ಅವ್ರಿಗೆ ಹೇಳಿ, ಕಂಪ್ಯೂಟರ್ ಆದ್ರೆ ನಂಗೆ."

ಮಾತಾಡುತ್ತಲೇ ಮೀಟರನ್ನು ಬಿಚ್ಚಿ ಕೈಗೆ ತೆಗೆದುಕೊಂಡಿದ್ದಾರೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಎಂಟು ಕಾಲಿನ ಒಂದು ಕಪ್ಪು ಚಿಪ್ಪನ್ನು ಸೂಜಿಯಿಂದ ತೋರಿಸುತ್ತಾರೆ. "ಕಾರಿನ ನೆನಪು ಇದ್ರಲ್ಲಿರುತ್ತೆ. ಕರೆಂಟ್ ಸಮ ಬಂದ್ರೆ ಸರಿಯಾಗಿ ಬರ್ಕೊಳ್ಳುತ್ತೆ. ಜಗ್ಗಿದ್ರೆ ಏನೇನೋ ಬರ್ಕೊಳ್ಳುತ್ತೆ. ಯಾಕೆ ಜಗ್ತಿದೆ, ಅದು ನೋಡ್ಬೇಕು."

ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸುತ್ತಾರೆ. ಹತ್ತು ನಿಮಿಷ ತಂತಿಗಳನ್ನು ಒಂದೊಂದಾಗಿ ಎಳೆದು ನೋಡುತ್ತಾರೆ. ಆಮೇಲೆ ಒಳಗಿನಿಂದಲೇ ದನಿ: "ಅಯ್ಯೋ ದೇವ್ರೇ!"

ಚಿಪ್ಪಿಗೆ ಹೋಗುವ ತಂತಿಗೆ ಯಾರೋ ತೆಳ್ಳನೆಯ ಕೆಂಪು ವೈರೊಂದನ್ನು ಹೊಸೆದು, ಟೇಪು ಸುತ್ತಿದ್ದಾರೆ. ಅದನ್ನೇ ಹಿಡಿದು ಬೆರಳು ಮೇಲೇರುತ್ತದೆ. ನಿಲ್ಲುವುದು ಡ್ಯಾಶ್‌ಬೋರ್ಡಿನ ಮೇಲಿರುವ ಪುಟ್ಟ ಶಿವಲಿಂಗದ ಹಿಂದೆ, ಮಿಣಮಿಣ ಎನ್ನುವ ಬಣ್ಣದ ದೀಪದ ಬುಡದಲ್ಲಿ.

"ಇದನ್ನ ಕಟ್ಟಿದ್ಯಾರು?"

ಶಿವಶಂಕರಪ್ಪ ದೀಪದ ಕಡೆ ನೋಡುತ್ತಾರೆ. "ನಾನೇ ಕಟ್ಟಿಸ್ದೆ, ಶಿವರಾತ್ರಿ ದಿನ. ಕಾರ್ ಆಫ್ ಆದ್ರೂ ದೇವ್ರ ದೀಪ ಆರಬಾರ್ದು, ಯಾವಾಗ್ಲೂ ಕರೆಂಟ್ ಇರೋ ವೈರಿಗೇ ಕೊಡಪ್ಪಾ ಅಂದೆ."

ಧನಲಕ್ಷ್ಮಿ ಮೀಟರನ್ನು ಮತ್ತೆ ಜೋಡಿಸಿ, ಕೀ ಹಾಕಿ, ಸಡಿಲವಾದ ಆ ಗಂಟನ್ನು ಬೆರಳಿನಿಂದ ಅಲುಗಿಸುತ್ತಾರೆ. ಅಂಕಿ ಆರಿ, ಮತ್ತೆ ಬೆಳಗುತ್ತದೆ. 70,676. ಎಲ್ಲರ ಕಣ್ಣೆದುರೇ, ಚಕ್ರ ಒಂದು ಅಂಗುಲವೂ ಉರುಳದೆ.

"ಅಬ್ಬಾ!" ಎಂದು ಸಾಹುಕಾರರು ಪಕ್ಕದ ಸ್ಟೂಲಿನ ಮೇಲೆ ಕುಸಿಯುತ್ತಾರೆ. ಓಬಯ್ಯ ಮೊದಲ ಬಾರಿಗೆ ಬಾಯಿ ಬಿಡುತ್ತಾರೆ: "ಆ ದೀಪಕ್ಕೆ ದಿನಾ ಕೈ ಮುಗಿದೇ ಗಾಡಿ ತೆಗೀತಿದ್ದೆನಲ್ಲ ಅಕ್ಕಾ."

ರಿಪೇರಿಗೆ ಹಿಡಿದದ್ದು ಒಂದು ತಾಸು. ದೀಪಕ್ಕೆ ಬೇರೆಯದೇ ವೈರು, ಮೀಟರಿಗೆ ಹೊಸ ಚಿಪ್ಪು. ಆದರೆ ಹೊಸ ಚಿಪ್ಪಿಗೆ ಯಾವ ಅಂಕಿ ಕೊಡುವುದು? ಹಳೆಯದೆಲ್ಲ ಕೆಟ್ಟಿದೆ.

"ಓಬಯ್ಯನ ಟ್ರಿಪ್ ಪುಸ್ತಕ ಇದೆಯಲ್ಲ. ಎಲ್ಲಿಗೆ ಹೋದ, ಎಷ್ಟು ಓಡ್ತು, ಕಾರು ಕೊಂಡ ದಿನದಿಂದ ದಿನಾ ಬರ್ದಿದ್ದಾನೆ," ಎನ್ನುತ್ತಾರೆ ಧನಲಕ್ಷ್ಮಿ. ಓಬಯ್ಯ ಅದನ್ನು ಚೀಲದಿಂದ ತೆಗೆದು ಕೊಡುತ್ತಾರೆ.

ಸುಳ್ಳು ಲೆಕ್ಕ ಎಂದು ತಾವೇ ಬಿಸಾಡಿದ್ದ ಪುಸ್ತಕವನ್ನು ಶಿವಶಂಕರಪ್ಪ ಕನ್ನಡಕ ಏರಿಸಿ ಓದತೊಡಗುತ್ತಾರೆ. ಧನಲಕ್ಷ್ಮಿ ಕೂಡಿಸುತ್ತಾ ಹೋಗುತ್ತಾರೆ. ಕೊನೆಗೆ ಬಂದದ್ದು 54,310. ಹೊಸ ಚಿಪ್ಪಿಗೆ ಅದೇ ಅಂಕಿಯನ್ನು ತುಂಬುತ್ತಾರೆ.

ಸಾಹುಕಾರರು ಕೀ ಚಾಚಿ, "ನಾಳೆಯಿಂದ ಬಂದ್ಬಿಡು ಓಬಯ್ಯ," ಎನ್ನುತ್ತಾರೆ. ಓಬಯ್ಯ ಕೈ ನೀಡುವುದಿಲ್ಲ.

"ಕಳ್ಳ ಅಂದಿದ್ದು ಅಂಗಡೀಲಿ ತಾನೇ ಸಾವ್ಕಾರ್ರೇ?" ಧನಲಕ್ಷ್ಮಿ ಕೈ ಒರೆಸಿಕೊಳ್ಳುತ್ತಾ ಕೇಳುತ್ತಾರೆ. "ಅಲ್ಲ ಅನ್ನೋದನ್ನ ನನ್ನ ಶೆಡ್ಡಲ್ಲಿ ಹೇಳಿದ್ರೆ ಯಾರಿಗೆ ಕೇಳ್ಸುತ್ತೆ?"

ಶಿವಶಂಕರಪ್ಪ ತಾವೇ ಚಾಲಕನ ಸೀಟಿನಲ್ಲಿ ಕೂತು, ಪಕ್ಕದ ಬಾಗಿಲು ತೆರೆಯುತ್ತಾರೆ. "ಹತ್ತಪ್ಪಾ. ಗಾಂಧಿ ಬಜಾರಿಗೆ ಹೋಗೋಣ. ಅಂಗಡಿ ತೆಗೆಯೋ ಹೊತ್ತಾಯ್ತು."

ಕಾರು ಶಿವಮೊಗ್ಗದ ಕಡೆ ಹೊರಟಿತು. ನಿಮಗೇನಾದರೂ ಆಸೆ ಇದೆಯೇ ಎಂದರೆ ಧನಲಕ್ಷ್ಮಿ ಮುಂದಿನ ಡಬ್ಬಿಯ ಸ್ಕ್ರೂ ಬಿಚ್ಚುತ್ತಾ ಹೇಳುತ್ತಾರೆ:

"ಆಸೆ ಎಂಥದ್ದು ಮಾರಾಯ್ರೇ. ಇನ್ನು ಆ ಕಾರು ಎಷ್ಟೇ ಓಡ್ಲಿ, ಓಬಯ್ಯ ಬರೆದಿದ್ದರ ಮೇಲೇ ಎಣಿಸ್ಬೇಕು. ಅಷ್ಟು ಸಾಕು."